ಮಂಗಳವಾರದ ಸಭೆ: ವಾವ್ ಕೆಫೆ ಥಿಯೇಟರ್ ನಡೆದು ಬಂದ ದಾರಿ

ಸಂಸ್ಥೆಯೊಂದರ ಚರಿತ್ರೆ ಬರೆಯುವಾಗ ಸಂಸ್ಥಾಪಕರ ಹೆಸರಿನಿಂದ ಶುರುಮಾಡಿ, ಪದಾಧಿಕಾರಿಗಳ ಪಟ್ಟಿ ಕೊಟ್ಟು, ಕಟ್ಟಡದ ಫೋಟೋದೊಂದಿಗೆ ಮುಗಿಸುವುದು ವಾಡಿಕೆ. ನ್ಯೂಯಾರ್ಕ್ ನಗರದ ಈಸ್ಟ್ ವಿಲೇಜ್ ಬಡಾವಣೆಯ ವಾವ್ ಕೆಫೆ ಥಿಯೇಟರ್‌ಗೆ ಈ ವಾಡಿಕೆ ಅರ್ಧಕ್ಕರ್ಧ ಒಗ್ಗುವುದಿಲ್ಲ. ಅಲ್ಲಿ ಕಲಾ ನಿರ್ದೇಶಕರ ಹುದ್ದೆಯಿಲ್ಲ, ನಾಟಕ ಆಯ್ಕೆ ಸಮಿತಿಯಿಲ್ಲ, ನಟರ ಆಯ್ಕೆಗೆ ಆಡಿಷನ್ ಇಲ್ಲ. ವಾರಕ್ಕೊಮ್ಮೆ ಮಂಗಳವಾರ ಸಂಜೆ ಸೇರುತ್ತ ಬಂದ ಒಂದು ಸಭೆಯಿದೆ, ಆ ಸಭೆಯಲ್ಲಿ ಕೂತವರೆಲ್ಲ ಸೇರಿ ಹಂಚಿಕೊಳ್ಳುವ ಕೆಲಸದ ಪಟ್ಟಿಯಿದೆ. 1980ರ ಒಂದು ಉತ್ಸವದಿಂದ ಹುಟ್ಟಿ, ಈಗ ಸುವರ್ಣ ಮಹೋತ್ಸವದ ಹೊಸ್ತಿಲ ಹತ್ತಿರ ಬಂದಿರುವ ಈ ಸಂಸ್ಥೆ ಲೆಸ್ಬಿಯನ್ ಹೆಂಗಸರು, ಕ್ವಿಯರ್ ಕಲಾವಿದರು, ಟ್ರಾನ್ಸ್ ಸಮುದಾಯದವರು ತಮ್ಮ ಕವಿತೆ, ಹಾಡು, ಪ್ರಹಸನ, ನಾಟಕಗಳನ್ನು ಯಾರ ಅಪ್ಪಣೆಯನ್ನೂ ಕೇಳದೆ ಆಡಬಹುದಾದ ಜಾಗವಾಗಿ ಉಳಿದುಕೊಂಡು ಬಂದಿದೆ. ಇಷ್ಟು ದೀರ್ಘಕಾಲ ಅದು ಉಳಿದದ್ದು ಹೇಗೆ ಎಂಬುದೇ ಈ ಲೇಖನದ ಪ್ರಶ್ನೆ. ಎಲ್ಲರನ್ನೂ ಒಳಗೊಳ್ಳುವ ಗುಣ ಸದ್ಭಾವನೆಯೊಂದರಿಂದಲೇ ಬರುವುದಿಲ್ಲ, ದಿನನಿತ್ಯದ ವ್ಯವಸ್ಥೆಯಿಂದ ಬರುತ್ತದೆ ಎಂಬುದು ನನ್ನ ಉತ್ತರ. ರಂಗದ ಮೇಲೆ ಯಾರು ಬರಬೇಕು ಎಂಬುದನ್ನು ಅಭಿರುಚಿಯ ಮೇಲೆ ತೀರ್ಮಾನಿಸದೆ ದುಡಿಮೆಯ ಮೇಲೆ ತೀರ್ಮಾನಿಸಿದ್ದು, ತಲೆಯ ಮೇಲೊಂದು ಸೂರು ತಪ್ಪದಂತೆ ನೋಡಿಕೊಂಡಿದ್ದು, ಈ ಎರಡೇ ವಾವ್ ಸಂಸ್ಥೆಯನ್ನು ಕಾಪಾಡಿದವು.

ಹಿನ್ನೆಲೆ: 1969–1979

1969ರ ಜೂನ್ ಕೊನೆಯಲ್ಲಿ ನ್ಯೂಯಾರ್ಕಿನ ಕ್ರಿಸ್ಟೊಫರ್ ಬೀದಿಯ ಸ್ಟೋನ್‌ವಾಲ್ ಇನ್ ಎಂಬ ಬಾರ್ ಮೇಲೆ ಪೊಲೀಸರು ದಾಳಿ ಮಾಡಿದಾಗ ಅಲ್ಲಿದ್ದವರು ತಿರುಗಿ ನಿಂತರು. ಸಲಿಂಗಿಗಳ ಹಕ್ಕಿನ ಹೋರಾಟ ಅಲ್ಲಿಂದ ಹೊಸ ಬಿರುಸು ಪಡೆಯಿತು. ಅದೇ ವರ್ಷಗಳಲ್ಲಿ ಅಮೆರಿಕದ ಮಹಿಳಾ ಚಳವಳಿಯೂ ಉಕ್ಕುತ್ತಿತ್ತು. ಈ ಎರಡು ಹೊಳೆಗಳು ಕೂಡುವಲ್ಲಿ ನಿಂತಿದ್ದ ಲೆಸ್ಬಿಯನ್ ಹೆಂಗಸರಿಗೆ ಮಾತ್ರ ಎರಡೂ ಕಡೆ ಪೂರ್ತಿ ಜಾಗ ಸಿಗಲಿಲ್ಲ. ಸಲಿಂಗಿಗಳ ರಂಗಭೂಮಿ ಬಹುಪಾಲು ಗಂಡಸರದಾಗಿತ್ತು. ಜೋ ಚಿನೊ 1958ರಲ್ಲಿ ತೆರೆದ ಕೆಫೆ ಚಿನೊ ಎಂಬ ಪುಟ್ಟ ಕಾಫಿ ಅಂಗಡಿ ಪರ್ಯಾಯ ರಂಗಭೂಮಿಯ ತೊಟ್ಟಿಲಾಗಿತ್ತು ನಿಜ, ಆದರೆ ಅಲ್ಲಿ ಬೆಳೆದ ಸಲಿಂಗಿ ನಾಟಕಕಾರರಲ್ಲಿ ಹೆಚ್ಚಿನವರು ಗಂಡಸರೇ. ಸ್ತ್ರೀವಾದಿ ತಂಡಗಳು ಹೆಂಗಸರ ಕಥೆ ಹೇಳುತ್ತಿದ್ದವು, ಆದರೆ ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆ ಅವುಗಳಲ್ಲಿ ಅಂಚಿಗೆ ಸರಿದಿರುತ್ತಿತ್ತು. ಈ ಕೊರತೆಯನ್ನು ತುಂಬಲು ಕ್ಯೂಬಾ ಮೂಲದ ಅನಾ ಮರಿಯಾ ಸಿಮೊ ಮತ್ತು ಮಗಾಲಿ ಅಲಬಾವು 1976ರಲ್ಲಿ ಮೆಡೂಸಾಸ್ ರಿವೆಂಜ್ ಎಂಬ ಲೆಸ್ಬಿಯನ್ ರಂಗತಂಡ ಕಟ್ಟಿದರು. ಕೆಲವು ವರ್ಷ ಮಾತ್ರ ನಡೆದ ಆ ತಂಡ, ಬೇಡಿಕೆ ಎಷ್ಟಿದೆ ಎಂಬುದನ್ನೂ ಸ್ವಂತ ಜಾಗ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದನ್ನೂ ಒಟ್ಟಿಗೇ ತೋರಿಸಿಕೊಟ್ಟಿತು.

ಊರಿನ ಸ್ಥಿತಿಯೂ ಈ ಕಥೆಯ ಭಾಗ. 1975ರಲ್ಲಿ ನ್ಯೂಯಾರ್ಕ್ ನಗರಾಡಳಿತ ದಿವಾಳಿಯ ಅಂಚಿಗೆ ಬಂದಿತ್ತು. ಈಸ್ಟ್ ವಿಲೇಜ್ ಮತ್ತು ಅದರ ಪಕ್ಕದ ಬಡಾವಣೆಗಳಲ್ಲಿ ಮಾಲೀಕರು ಕಟ್ಟಡಗಳನ್ನು ಕೈಬಿಟ್ಟು ಹೋಗುತ್ತಿದ್ದರು, ತೆರಿಗೆ ಬಾಕಿಗಾಗಿ ಅವು ನಗರಾಡಳಿತದ ವಶಕ್ಕೆ ಬರುತ್ತಿದ್ದವು. ಪಾಳುಬಿದ್ದ ಆ ಬೀದಿಗಳಲ್ಲಿ ಬಾಡಿಗೆ ಕಡಿಮೆ. ಎಲೆನ್ ಸ್ಟೀವರ್ಟ್ 1961ರಲ್ಲಿ ಶುರುಮಾಡಿದ ಲಾ ಮಾಮಾ ರಂಗಮಂದಿರ ಅಲ್ಲಿಯೇ ನೆಲೆಯೂರಿತ್ತು. ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ 1966ರಿಂದ ಕವಿಗಳ ಪೊಯೆಟ್ರಿ ಪ್ರಾಜೆಕ್ಟ್ ನಡೆಯುತ್ತಿತ್ತು, ಪೋರ್ಟೊ ರಿಕೊ ಮೂಲದ ಕವಿಗಳು 1973ರಲ್ಲಿ ನ್ಯುಯೊರಿಕನ್ ಪೊಯೆಟ್ಸ್ ಕೆಫೆ ಕಟ್ಟಿದ್ದರು. ಕವಿತೆಯನ್ನು ಪುಟದಿಂದ ಎಬ್ಬಿಸಿ ಗಂಟಲಿಗೆ, ಮೈಗೆ ತರುವ ಅಭ್ಯಾಸ ಆ ಬೀದಿಗಳ ಗಾಳಿಯಲ್ಲೇ ಇತ್ತು. ವಾವ್ ಬೇರುಬಿಟ್ಟದ್ದು ಈ ನೆಲದಲ್ಲಿ.

ಎರಡು ಉತ್ಸವಗಳು: 1980–1981

ಸಂಸ್ಥೆಯ ಮೊದಲ ಹೆಸರು ವಿಮೆನ್ಸ್ ಒನ್ ವರ್ಲ್ಡ್, ಹೆಂಗಸರ ಒಂದೇ ಜಗತ್ತು. ಆ ಮೂರು ಪದಗಳ ಮೊದಲ ಅಕ್ಷರಗಳು ಕೂಡಿ ವಾವ್ ಆಯಿತು. ಪೆಗಿ ಶಾ, ಲೋಯಿಸ್ ವೀವರ್, ಜೋರ್ಡಿ ಮಾರ್ಕ್, ಪಮೇಲಾ ಕಾಮಿ ಎಂಬ ನಾಲ್ವರು ಸೇರಿ 1980ರ ಅಕ್ಟೋಬರ್‌ನಲ್ಲಿ ಸೇಂಟ್ ಮಾರ್ಕ್ಸ್ ಪ್ಲೇಸ್‌ನ ಆಲ್‌ಕ್ರಾಫ್ಟ್ ಸೆಂಟರ್‌ನಲ್ಲಿ ಮಹಿಳಾ ರಂಗೋತ್ಸವ ನಡೆಸಿದರು. ಪೆಗಿ ಶಾ ಹಾಟ್ ಪೀಚಸ್ ಎಂಬ ತಂಡದೊಂದಿಗೆ, ಲೋಯಿಸ್ ವೀವರ್ ಸ್ಪೈಡರ್‌ವುಮನ್ ಥಿಯೇಟರ್‌ನೊಂದಿಗೆ ಯೂರೋಪ್ ಸುತ್ತಿದ್ದವರು. ಸ್ಪೈಡರ್‌ವುಮನ್ ತಂಡವನ್ನು 1976ರಲ್ಲಿ ಕಟ್ಟಿದವರು ಮ್ಯೂರಿಯಲ್ ಮಿಗೆಲ್, ಅಮೆರಿಕದ ಮೂಲನಿವಾಸಿ ಸಮುದಾಯಕ್ಕೆ ಸೇರಿದ ರಂಗಕರ್ಮಿ. ಆಕೆಯ ಅಕ್ಕಂದಿರಾದ ಗ್ಲೋರಿಯಾ ಮಿಗೆಲ್ ಮತ್ತು ಲೀಸಾ ಮೇಯೊ ತಂಡದ ಆಧಾರಸ್ತಂಭಗಳಾಗಿದ್ದರು. ಪ್ರವಾಸದಲ್ಲೊಮ್ಮೆ ಸ್ಪೈಡರ್‌ವುಮನ್‌ನ ವೇಷಭೂಷಣ ಊರು ತಲುಪದಿದ್ದಾಗ ಹಾಟ್ ಪೀಚಸ್‌ನವರು ತಮ್ಮ ಮಿರುಗುವ ವೇಷಗಳನ್ನೇ ಎರವಲು ಕೊಟ್ಟು ಪ್ರಯೋಗ ನಡೆಸಿಕೊಟ್ಟರಂತೆ. ವಾವ್ ಚರಿತ್ರೆಯಲ್ಲಿ ಮತ್ತೆ ಮತ್ತೆ ಹೇಳುವ ಈ ಪ್ರಸಂಗದಲ್ಲಿ ಮುಂದಿನ ಸಂಸ್ಥೆಯ ನೀತಿ ಅಡಗಿದೆ: ಇದ್ದವರು ಇಲ್ಲದವರಿಗೆ ಕೊಡುವುದು, ಆಟ ನಿಲ್ಲಬಾರದು.

ಯೂರೋಪಿನ ಮಹಿಳಾ ರಂಗೋತ್ಸವಗಳನ್ನು ಕಂಡುಬಂದ ಇವರಿಗೆ ಅಂಥದ್ದೊಂದು ನ್ಯೂಯಾರ್ಕಿನಲ್ಲಿ ಏಕಿಲ್ಲ ಎನ್ನಿಸಿತು. ಕೈಯಲ್ಲಿ ಹಣವಿರಲಿಲ್ಲ. ಔತಣಕೂಟ, ವೇಷದ ಪಾರ್ಟಿಗಳ ಟಿಕೆಟ್ ಮಾರಿ ಹಣ ಕೂಡಿಸಿದರು. ನಾಟಕ, ನೃತ್ಯ, ಕವಿತಾ ವಾಚನ, ಸಿನಿಮಾ, ಸಂಗೀತ ಎಲ್ಲವೂ ಉತ್ಸವಕ್ಕೆ ಬಂದವು, ಹೊರದೇಶಗಳಿಂದಲೂ ತಂಡಗಳು ಬಂದವು. 1981ರ ಅಕ್ಟೋಬರ್‌ನಲ್ಲಿ ಎರಡನೆಯ ಉತ್ಸವ ಸೆಕೆಂಡ್ ಅವೆನ್ಯೂದ ಯುಕ್ರೇನಿಯನ್ ನ್ಯಾಷನಲ್ ಹೋಮ್ ಸಭಾಂಗಣದಲ್ಲಿ ತೆರೆದುಕೊಂಡಿತು. ಉತ್ಸವ ಮುಗಿದ ಮೇಲೆ ಪ್ರೇಕ್ಷಕರಿಂದಲೇ ಒತ್ತಾಯ ಬಂತು. ವರ್ಷಕ್ಕೊಮ್ಮೆ ಸೇರಿ ಚದುರುವುದು ಸಾಲದು, ವರ್ಷವಿಡೀ ಬಂದು ಕೂರುವ ಜಾಗ ಬೇಕು. ಹಬ್ಬ ಸಂಸ್ಥೆಯಾಗುವ ಈ ಗಳಿಗೆ ಮುಖ್ಯವಾದದ್ದು. ಉತ್ಸವಕ್ಕೆ ಬೇಕಾದ್ದು ಉತ್ಸಾಹ. ಸಂಸ್ಥೆಗೆ ಬಾಡಿಗೆ ಕಟ್ಟುವವರು, ನೆಲ ಗುಡಿಸುವವರು, ದೀಪ ಆರಿಸಿ ಬಾಗಿಲು ಹಾಕುವವರು ಬೇಕು.

ಅಂಗಡಿ ಮಳಿಗೆಯ ದಿನಗಳು: 1982–1984

1982ರ ಮಾರ್ಚ್‌ನಲ್ಲಿ ಈಸ್ಟ್ 11ನೇ ಬೀದಿಯ 330ನೇ ನಂಬರಿನ ಕಿರಿದಾದ ಅಂಗಡಿ ಮಳಿಗೆಯಲ್ಲಿ ವಾವ್ ಕೆಫೆ ಬಾಗಿಲು ತೆರೆಯಿತು. ಹೆಂಗಸರು ಬಂದು ಕಾಫಿ ಕುಡಿದು ಹರಟುವ ಜಾಗ ಅದಾಗಬೇಕು ಎಂಬ ಯೋಚನೆಯಿಂದಲೇ ಕೆಫೆ ಎಂಬ ಹೆಸರು ಅಂಟಿಕೊಂಡಿತು. ಬಹುಬೇಗ ಹರಟೆಯನ್ನು ಹಿಂದಿಕ್ಕಿ ಆಟಗಳೇ ಮೇಲುಗೈಯಾದವು. ಬಾಡಿಗೆ ಹೊಂದಿಸಿದ ಬಗೆಯೇ ಒಂದು ರಂಗಪ್ರಕಾರವಾಗಿ ಬೆಳೆಯಿತು. ಫ್ರಾಯ್ಡಿಯನ್ ಸ್ಲಿಪ್ ಎಂಬ ಹೆಸರಿನ ಪಾರ್ಟಿಗೆ ಬರುವವರು ಒಳಲಂಗ ತೊಟ್ಟೇ ಬರಬೇಕಿತ್ತು. ಬಾಯಿತಪ್ಪಿ ಹೊರಬೀಳುವ ಒಳಮನಸ್ಸಿನ ಮಾತಿಗೂ ಒಳಲಂಗಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ, ಆ ಶ್ಲೇಷೆಯೇ ಪಾರ್ಟಿಯ ಬಂಡವಾಳ. ಶ್ರೀಮಂತ ಮನೆತನದ ಹುಡುಗಿಯರನ್ನು ಸಮಾಜಕ್ಕೆ ಪರಿಚಯಿಸುವ ನೃತ್ಯಕೂಟಗಳನ್ನು ಅಣಕಿಸುವ ಕೂಟವೂ ನಡೆಯಿತು. ನಗುತ್ತ ನಗುತ್ತ ಆ ತಿಂಗಳ ಬಾಡಿಗೆ ಕೂಡಿಬರುತ್ತಿತ್ತು. ಸರಕಾರಿ ಅನುದಾನವನ್ನಾಗಲಿ ದಾನಿಗಳನ್ನಾಗಲಿ ಕಾಯದೆ ಪ್ರೇಕ್ಷಕರ ಜೇಬಿನ ಚಿಲ್ಲರೆಯ ಮೇಲೇ ನಿಲ್ಲುವ ಅಭ್ಯಾಸ ಆಗಲೇ ಬಿದ್ದಿತು.

ಈ ದಿನಗಳ ಮುಖ್ಯ ತಂಡ ಸ್ಪ್ಲಿಟ್ ಬ್ರಿಚಸ್. ಪೆಗಿ ಶಾ, ಲೋಯಿಸ್ ವೀವರ್, ಡೆಬ್ ಮಾರ್ಗೊಲಿನ್ ಇದರ ಮೂವರು ಕಲಾವಿದರು. ವರ್ಜೀನಿಯಾದ ಬ್ಲೂ ರಿಡ್ಜ್ ಬೆಟ್ಟಸೀಮೆಯ ತನ್ನ ಅಜ್ಜಿಯ ತಲೆಮಾರಿನ ಹೆಂಗಸರ ಬದುಕನ್ನು ವೀವರ್ ರಂಗಕ್ಕೆ ತಂದಾಗ ಆ ನಾಟಕಕ್ಕೂ ತಂಡಕ್ಕೂ ಬಂದ ಹೆಸರಿದು. ಹೊಲದಲ್ಲಿ ದುಡಿಯುವ ಹೆಂಗಸರು ಕೆಲಸ ನಿಲ್ಲಿಸದೆ ನಿಂತಲ್ಲೇ ಮೂತ್ರಕ್ಕೆ ಹೋಗಲು ಅನುಕೂಲವಾಗುವಂತೆ ನಡುವೆ ಸೀಳಿದ ಒಳಉಡುಪಿಗೆ ಆ ಕಡೆ ಸ್ಪ್ಲಿಟ್ ಬ್ರಿಚಸ್ ಎನ್ನುತ್ತಿದ್ದರು. ಒಂದು ಬಟ್ಟೆಯ ಸೀಳಿನಲ್ಲಿ ಎಷ್ಟೊಂದು ಸಂಗತಿ ಇದೆ ನೋಡಿ: ಬಿಡುವಿಲ್ಲದ ದುಡಿಮೆ, ಮೈಯ ಅಗತ್ಯ, ಅದನ್ನು ಯಾರಿಗೂ ಹೇಳದೆ ನಿಭಾಯಿಸಿಕೊಳ್ಳುವ ಹೆಣ್ಣಿನ ಜಾಣ್ಮೆ. ನಾಟಕಕ್ಕೆ ವಸ್ತುವಾಗಲಾರದು ಎಂದು ದೊಡ್ಡ ರಂಗಭೂಮಿ ತಳ್ಳಿಹಾಕುತ್ತಿದ್ದ ಇಂಥ ವಿವರಗಳನ್ನೇ ವಾವ್ ಕೈಗೆತ್ತಿಕೊಂಡಿತು. ಹಾಲಿ ಹ್ಯೂಸ್ 1983ರಲ್ಲಿ ಬರೆದ ದಿ ವೆಲ್ ಆಫ್ ಹಾರ್ನಿನೆಸ್ ಇನ್ನೊಂದು ದಾರಿ ತೆರೆಯಿತು. 1928ರಲ್ಲಿ ಪ್ರಕಟವಾಗಿ ಬ್ರಿಟನ್ನಿನಲ್ಲಿ ನಿಷೇಧಕ್ಕೊಳಗಾದ ರ‍್ಯಾಡ್‌ಕ್ಲಿಫ್ ಹಾಲ್‌ರ ದಿ ವೆಲ್ ಆಫ್ ಲೋನ್ಲಿನೆಸ್ ಕಾದಂಬರಿಯ ಹೆಸರನ್ನು ಅಣಕಿಸಿ, ಪತ್ತೇದಾರಿ ಕಥೆಯ ಧಾಟಿಯಲ್ಲಿ ಹೆಣೆದ ಈ ಪ್ರಹಸನದಲ್ಲಿ ಲೆಸ್ಬಿಯನ್ ಹೆಣ್ಣು ಕಣ್ಣೀರಿಡುವ ದುರಂತ ಪಾತ್ರವಾಗಿ ಉಳಿಯಲಿಲ್ಲ. ಆಕೆ ಆಸೆ ಪಟ್ಟಳು, ತಪ್ಪು ಮಾಡಿದಳು, ಜನರನ್ನು ನಗಿಸಿದಳು.

ಆ ಕಾಲದಲ್ಲಿ ಸ್ತ್ರೀವಾದಿಗಳ ನಡುವೆಯೇ ಲೈಂಗಿಕತೆ ಮತ್ತು ಅಶ್ಲೀಲತೆಯ ಬಗ್ಗೆ ತೀವ್ರ ಭಿನ್ನಾಭಿಪ್ರಾಯಗಳಿದ್ದವು. 1982ರಲ್ಲಿ ಬರ್ನಾರ್ಡ್ ಕಾಲೇಜಿನಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ಅವು ಬಯಲಿಗೂ ಬಂದವು. ಬುಚ್ ಮತ್ತು ಫೆಮ್ ಎಂಬ ಜೋಡಿಯನ್ನು, ಅಂದರೆ ಗಂಡುಡುಗೆಯ ಗತ್ತಿನ ಹೆಣ್ಣನ್ನೂ ಅಲಂಕಾರಪ್ರಿಯ ಹೆಣ್ಣನ್ನೂ ರಂಗದ ಮೇಲೆ ತಂದು ಸಂಭ್ರಮಿಸುವುದು ಗಂಡಾಳ್ವಿಕೆಯ ಅನುಕರಣೆಯಲ್ಲವೇ ಎಂದು ಕೆಲವರು ಕೇಳಿದರು. ವಾವ್ ಈ ಚರ್ಚೆಯಲ್ಲಿ ತೀರ್ಪು ಕೊಡಲು ಹೋಗಲಿಲ್ಲ, ಆಡಿ ತೋರಿಸಿತು. ಗಂಡಸುತನ, ಹೆಣ್ತನ ಎರಡೂ ತೊಟ್ಟು ಕಳಚಬಹುದಾದ ವೇಷಗಳು ಎಂದು ರಂಗದ ಮೇಲೆ ಕಂಡಾಗ ವಾದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಮನಸ್ಸಿಗೆ ಇಳಿಯುತ್ತದೆ. ಕನ್ನಡ ಪ್ರೇಕ್ಷಕರಿಗೆ ಇದು ತೀರ ಹೊಸ ಮಾತೇನಲ್ಲ. 1958ರಲ್ಲಿ ಮೈಸೂರಿನಲ್ಲಿ ಹೆಂಗಸರೇ ತುಂಬಿದ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸನಂಥ ಪಾತ್ರಗಳಲ್ಲಿ ಗರ್ಜಿಸಿದ ಆರ್. ನಾಗರತ್ನಮ್ಮನವರನ್ನು ಕಂಡವರಿಗೆ ಮೀಸೆಯೂ ಒಂದು ರಂಗಪರಿಕರ ಎಂಬುದು ಗೊತ್ತು.

ನಾಲ್ಕನೆಯ ಅಂತಸ್ತಿನ ರಂಗ: 1985–1989

11ನೇ ಬೀದಿಯ ಮಳಿಗೆ ಬಿಡಬೇಕಾಗಿ ಬಂದಾಗ 1984–85ರ ಹೊತ್ತಿಗೆ ವಾವ್ ಈಸ್ಟ್ 4ನೇ ಬೀದಿಯ 59–61ನೇ ನಂಬರಿನ ಕಟ್ಟಡದ ನಾಲ್ಕನೆಯ ಅಂತಸ್ತಿಗೆ ಹೋಯಿತು. ನಗರಾಡಳಿತದ ಒಡೆತನದ ಹಳೆಯ ಕಟ್ಟಡವದು, ಲಾ ಮಾಮಾ ಅದೇ ಬೀದಿಯಲ್ಲಿ ಕೂಗಳತೆಯಲ್ಲಿತ್ತು. ಬೀದಿಗೆ ತೆರೆದ ಅಂಗಡಿಯ ಆಪ್ತತೆ ಹೋಯಿತು, ಅದರ ಬದಲು ಸರಿಯಾಗಿ ದೀಪ ಕಟ್ಟಬಹುದಾದ, ತಾಲೀಮು ನಡೆಸಬಹುದಾದ, ರಂಗಸಜ್ಜಿಕೆ ನಿಲ್ಲಿಸಬಹುದಾದ ವಿಶಾಲ ಕೋಣೆ ಬಂತು. ಹರಟೆಕಟ್ಟೆಯಾಗಿ ಶುರುವಾದದ್ದು ರಂಗಮಂದಿರವಾದದ್ದು ಇಲ್ಲಿ. ಮುಂದಿನ ನಾಲ್ಕು ದಶಕಗಳ ವಿಳಾಸವೂ ಇದೇ.

ಸಂಸ್ಥೆಯ ನಿಯಮ ಗಟ್ಟಿಯಾದದ್ದೂ ಈ ಅವಧಿಯಲ್ಲಿ. ಅಲ್ಲಿಯವರು ಅದನ್ನು ಸ್ವೆಟ್ ಇಕ್ವಿಟಿ ಎನ್ನುತ್ತಾರೆ, ಬೆವರೇ ಬಂಡವಾಳ. ಹೊಸಬಳೊಬ್ಬಳು ಮಂಗಳವಾರದ ಸಭೆಗೆ ಬರುತ್ತಾಳೆ. ಮುಂದಿನ ವಾರ ಆಡಲಿರುವ ಆಟಕ್ಕೆ ದೀಪದ ಬೋರ್ಡ್ ನೋಡಿಕೊಳ್ಳುವವರು ಬೇಕು, ಟಿಕೆಟ್ ಕೊಡುವವರು ಬೇಕು, ಸಜ್ಜಿಕೆಗೆ ಬಣ್ಣ ಬಳಿಯುವವರು ಬೇಕು ಎಂಬ ಪಟ್ಟಿ ಸಭೆಯ ಮುಂದೆ ಬರುತ್ತದೆ. ಆಕೆ ಕೈಯೆತ್ತುತ್ತಾಳೆ. ಹೀಗೆ ಹಲವರ ಆಟಗಳಿಗೆ ದುಡಿದ ಮೇಲೆ ತನ್ನ ಆಟಕ್ಕೂ ಒಂದು ತಾರೀಖು ಕೇಳುವ ಹಕ್ಕು ಆಕೆಗೆ ಬರುತ್ತದೆ. ಆಗ ಯಾರೂ ಹಸ್ತಪ್ರತಿ ತಂದು ತೋರಿಸು ಎನ್ನುವುದಿಲ್ಲ. ನಿನ್ನ ಹಿಂದಿನ ಅನುಭವವೇನು ಎಂದು ಕೇಳುವುದಿಲ್ಲ. ಆಕೆ ಯಾರಿಗೆ ದೀಪ ಬಿಟ್ಟಿದ್ದಳೋ ಅವರು ಈಗ ಆಕೆಗೆ ದೀಪ ಬಿಡುತ್ತಾರೆ. ತೀರ್ಮಾನಗಳು ಬಹುಮತದ ಬಲದಲ್ಲಿ ನಡೆಯದೆ ಒಮ್ಮತದಿಂದ ನಡೆಯಬೇಕು ಎಂಬುದು ಆಶಯ. ಸಭೆಗಳು ದೀರ್ಘವಾಗುತ್ತಿದ್ದವು, ತಾಳ್ಮೆ ಪರೀಕ್ಷೆಗೊಳಗಾಗುತ್ತಿತ್ತು, ಆದರೂ ಮರುವಾರ ಮತ್ತೆ ಸಭೆ ಸೇರುತ್ತಿತ್ತು.

ಕವಿತೆಗೂ ಈ ರಂಗಕ್ಕೂ ಇರುವ ನಂಟು ಇಲ್ಲಿ ಅರ್ಥವಾಗುತ್ತದೆ. ಪೂರ್ಣ ಪ್ರಮಾಣದ ನಾಟಕ ಬರೆಯಲು ಬಿಡುವಾಗಲಿ ಧೈರ್ಯವಾಗಲಿ ಇಲ್ಲದವರಿಗೆ ವೆರೈಟಿ ರಾತ್ರಿಗಳಿದ್ದವು. ಒಬ್ಬಳು ಕವಿತೆ ಓದುತ್ತಾಳೆ, ಇನ್ನೊಬ್ಬಳು ಹಾಡುತ್ತಾಳೆ, ಮತ್ತೊಬ್ಬಳು ಹತ್ತು ನಿಮಿಷದ ತುಣುಕು ಆಡುತ್ತಾಳೆ, ನಿರೂಪಕಿ ಇವೆಲ್ಲವನ್ನೂ ನಗೆಯಿಂದ ಪೋಣಿಸುತ್ತಾಳೆ. ಹವಾನಾದಲ್ಲಿ ಹುಟ್ಟಿದ ಕಲಾವಿದೆಯೊಬ್ಬರ ಕಾರ್ಮೆಲಿಟಾ ಟ್ರೊಪಿಕಾನಾ ಎಂಬ ರಂಗವ್ಯಕ್ತಿತ್ವ ಅರಳಿದ್ದು ಇಂಥ ವಾತಾವರಣದಲ್ಲಿ. ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಕಲಸಿ ಮಾತಾಡುವ, ಕ್ಯೂಬಾದ ರಾತ್ರಿಕ್ಲಬ್ಬಿನ ಥಳಕನ್ನು ತೊಟ್ಟು ಬರುವ ಆ ಪಾತ್ರ, ವಲಸೆ ಬಂದವರ ಭಾಷೆಯನ್ನು ತಿದ್ದದೆ ರಂಗದ ಭಾಷೆಯಾಗಿಸಿತು. 1989ರಲ್ಲಿ ಇಲ್ಲಿಯೇ ಫೈವ್ ಲೆಸ್ಬಿಯನ್ ಬ್ರದರ್ಸ್ ತಂಡ ರೂಪುಗೊಂಡಿತು. ಆ ಐವರಲ್ಲಿ ಒಬ್ಬರಾದ ಲೀಸಾ ಕ್ರಾನ್ ಮುಂದೆ ಆಲಿಸನ್ ಬೆಕ್ಡೆಲ್‌ರ ಚಿತ್ರಕಥನವನ್ನು ಆಧರಿಸಿದ ಫನ್ ಹೋಮ್ ಸಂಗೀತ ನಾಟಕಕ್ಕೆ ಸಂಭಾಷಣೆ ಮತ್ತು ಹಾಡುಗಳನ್ನು ಬರೆದು 2015ರಲ್ಲಿ ಟೋನಿ ಪ್ರಶಸ್ತಿ ಪಡೆದರು.

ಅನುದಾನದ ಬಿಕ್ಕಟ್ಟು: 1990–1998

1990ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾನಿಧಿಯ ಅಧ್ಯಕ್ಷರು ನಾಲ್ವರು ಪ್ರದರ್ಶನ ಕಲಾವಿದರಿಗೆ ಪರಿಣತರ ಸಮಿತಿ ಶಿಫಾರಸು ಮಾಡಿದ್ದ ಅನುದಾನವನ್ನು ತಡೆಹಿಡಿದರು. ಕ್ಯಾರೆನ್ ಫಿನ್ಲಿ, ಜಾನ್ ಫ್ಲೆಕ್, ಟಿಮ್ ಮಿಲ್ಲರ್ ಜೊತೆ ನಾಲ್ಕನೆಯವರು ವಾವ್‌ನಲ್ಲಿ ಬೆಳೆದ ಹಾಲಿ ಹ್ಯೂಸ್. ಅನುದಾನ ಕೊಡುವಾಗ ಸಭ್ಯತೆಯ ಸಾಮಾನ್ಯ ಮಾನದಂಡಗಳನ್ನು ಗಮನಿಸಬೇಕು ಎಂಬ ಷರತ್ತನ್ನೂ ಆ ವರ್ಷವೇ ಕಾನೂನಿಗೆ ಸೇರಿಸಲಾಯಿತು. 1993ರಲ್ಲಿ ಕಲಾವಿದರಿಗೆ ಅನುದಾನದ ಮೊತ್ತ ಸಂದಾಯವಾಯಿತು, ಆದರೆ ಷರತ್ತನ್ನು ಸುಪ್ರೀಂ ಕೋರ್ಟ್ 1998ರಲ್ಲಿ ಎತ್ತಿಹಿಡಿಯಿತು. ಹಲವು ಕಲಾಸಂಸ್ಥೆಗಳು ಈ ಅವಧಿಯಲ್ಲಿ ತಮ್ಮ ಕಾರ್ಯಕ್ರಮಗಳನ್ನು ತಾವೇ ಸೋಸತೊಡಗಿದವು. ಬಹುಮಟ್ಟಿಗೆ ದೊಡ್ಡ ಅನುದಾನಗಳಿಂದ ದೂರವೇ ಉಳಿದಿದ್ದ ವಾವ್‌ಗೆ ಸೋಸುವ ಒತ್ತಡ ಬರಲಿಲ್ಲ. ಅನುದಾನ ಬೇಡುವುದೇ ತಪ್ಪು ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಸಾರ್ವಜನಿಕ ಹಣದ ಮೇಲೆ ಕ್ವಿಯರ್ ಕಲಾವಿದರಿಗೂ ಎಲ್ಲರಷ್ಟೇ ಹಕ್ಕಿದೆ. ಆದರೆ ಯಾವ ಹಣ ನಿಂತರೆ ಬಾಗಿಲು ಮುಚ್ಚಬೇಕಾಗುತ್ತದೋ ಆ ಹಣ ಕೊಡುವವರೇ ಕಡೆಗೆ ಬಾಗಿಲು ಕಾಯುವವರಾಗುತ್ತಾರೆ. ಬಾಡಿಗೆಯನ್ನು ಪಾರ್ಟಿಯ ಟಿಕೆಟ್ಟಿನಿಂದ ಹೊಂದಿಸಿದ ಹಳೆಯ ಅಭ್ಯಾಸ ಈಗ ಗುರಾಣಿಯಾಯಿತು.

ಬಾಗಿಲು ಅಗಲವಾದ ಬಗೆ: 1990ರ ದಶಕದಿಂದ ಈಚೆಗೆ

ಹೆಂಗಸರ ಒಂದೇ ಜಗತ್ತು ಎಂಬ ಹೆಸರಿನ ಭಾರವನ್ನು ಸಂಸ್ಥೆ ಹೊರಬೇಕಾಯಿತು. ಮೊದಲ ದಶಕದ ಸದಸ್ಯರಲ್ಲಿ ಹೆಚ್ಚಿನವರು ಬಿಳಿಯರು. ಕಪ್ಪು, ಲ್ಯಾಟಿನ್ ಅಮೆರಿಕನ್, ಏಷ್ಯನ್ ಮೂಲದ ಹೆಂಗಸರಿಗೆ ಬಾಗಿಲು ಮುಚ್ಚಿರಲಿಲ್ಲ ನಿಜ, ಆದರೆ ತೆರೆದಿರುವ ಬಾಗಿಲಿಗೂ ಒಳಗೆ ಬಂದವರನ್ನು ನೆಲೆಗೊಳಿಸುವ ಮನೆಗೂ ವ್ಯತ್ಯಾಸವಿದೆ. ಈ ಮಾತನ್ನು ಎತ್ತಿದವರು ಸಂಸ್ಥೆಯ ಒಳಗಿನವರೇ. ಚರ್ಚೆ ಯಾವಾಗಲೂ ಹಿತವಾಗಿರಲಿಲ್ಲ, ಆದರೆ ಅದರ ಫಲ ಕ್ಯಾಲೆಂಡರಿನಲ್ಲೇ ಕಾಣಿಸಿಕೊಂಡಿತು. ರಿವರ್ಸ್ ಆಫ್ ಹನಿ ಎಂಬ ಕ್ಯಾಬರೆ ಸರಣಿ ಈ ಸಮುದಾಯಗಳ ಹೆಂಗಸರಿಗೂ ಟ್ರಾನ್ಸ್ ಕಲಾವಿದರಿಗೂ ಮೀಸಲಾದ ರಂಗವಾಗಿ ಬೆಳೆಯಿತು. ಕವಿತೆ, ಹಾಡು, ನೃತ್ಯ, ಚಿತ್ರಕಲೆ ಎಲ್ಲಕ್ಕೂ ಅಲ್ಲಿ ಜಾಗ. ಅದನ್ನು ಯೋಜಿಸುವವರೂ ಅವರೇ, ಆಡುವವರೂ ಅವರೇ. ಬೇರೆಯವರು ಹಾಕಿದ ಪಂಕ್ತಿಯಲ್ಲಿ ಕಡೆಯ ಎಲೆಗೆ ಕೂರುವುದಕ್ಕೂ ತಾವೇ ಪಂಕ್ತಿ ಹಾಕುವುದಕ್ಕೂ ಇರುವ ಅಂತರ ನಮ್ಮ ನಾಡಿನವರಿಗೆ ವಿವರಿಸಿ ಹೇಳಬೇಕಿಲ್ಲ.

ಎರಡನೆಯ ಪ್ರಶ್ನೆ ಟ್ರಾನ್ಸ್ ಸಮುದಾಯದ್ದು. ಹೆಂಗಸರ ಸಂಸ್ಥೆ ಎಂದರೆ ಯಾರ ಸಂಸ್ಥೆ? ಹೆಣ್ಣಾಗಿ ಹುಟ್ಟದೆ ಹೆಣ್ಣಾಗಿ ಬಾಳುವವರು, ಇಲ್ಲಿ ಹೆಣ್ಣಾಗಿ ಸೇರಿ ಮುಂದೆ ಗಂಡಾಗಿ ಗುರುತಿಸಿಕೊಂಡವರು, ಎರಡರಲ್ಲೂ ನಿಲ್ಲದವರು ಎಲ್ಲಿಗೆ ಸೇರಬೇಕು? ಅದೇ ಕಾಲದಲ್ಲಿ ಹಲವು ಮಹಿಳಾ ವೇದಿಕೆಗಳು ಈ ಪ್ರಶ್ನೆಯೆದುರು ಗೆರೆ ಎಳೆದು ಒಡೆದುಹೋದವು. ವಾವ್ ತನ್ನ ಧ್ಯೇಯವಾಕ್ಯವನ್ನೇ ತಿದ್ದಿಕೊಂಡಿತು. ಎಲ್ಲ ಹೆಂಗಸರಿಗೂ ಹೆಂಗಸರ ಜೊತೆ ನಿಲ್ಲುವ ಟ್ರಾನ್ಸ್ ಜನರಿಗೂ ಪೂರ್ಣ ಪಾಲುಂಟು, ಬಿಳಿಯರಲ್ಲದ ಸಮುದಾಯಗಳಿಂದ ಬಂದವರಿಗೆ ವಿಶೇಷ ಸ್ವಾಗತವುಂಟು ಎಂಬುದು ಅದರ ತಿರುಳು. ದುಡಿಮೆಯ ನಿಯಮವಿದ್ದ ಸಂಸ್ಥೆಗೆ ಈ ತಿದ್ದುಪಡಿ ಸ್ವಲ್ಪ ಸುಲಭವಾಯಿತು ಎಂದು ನನಗೆ ತೋರುತ್ತದೆ. ನೀನು ಯಾರು ಎಂಬ ಪ್ರಶ್ನೆಗಿಂತ ಯಾರ ಆಟಕ್ಕೆ ಕೈಜೋಡಿಸುತ್ತೀ ಎಂಬ ಪ್ರಶ್ನೆ ಅಲ್ಲಿ ಮೊದಲಿನಿಂದಲೂ ಮುಂದಿತ್ತು.

ಸ್ವಂತ ಸೂರು: 2001–2006

1980ರ ಈಸ್ಟ್ ವಿಲೇಜ್ 2000ದ ಹೊತ್ತಿಗೆ ಗುರುತು ಸಿಗದಷ್ಟು ಬದಲಾಗಿತ್ತು. ಕಲಾವಿದರು ಬಂದು ಬೀದಿಗೆ ಜೀವ ತುಂಬುತ್ತಾರೆ, ಜೀವ ಬಂದ ಬೀದಿಗೆ ಹಣ ಬರುತ್ತದೆ, ಹಣ ಬಂದ ಮೇಲೆ ಬಾಡಿಗೆ ಏರಿ ಕಲಾವಿದರೇ ಊರು ಬಿಡುತ್ತಾರೆ. ಮಹಾನಗರಗಳಲ್ಲೆಲ್ಲ ಕಾಣುವ ಈ ಚಕ್ರದಿಂದ ತಪ್ಪಿಸಿಕೊಳ್ಳಲು ಈಸ್ಟ್ 4ನೇ ಬೀದಿಯ ಸಂಸ್ಥೆಗಳು 2001ರಲ್ಲಿ ಫೋರ್ತ್ ಆರ್ಟ್ಸ್ ಬ್ಲಾಕ್ ಎಂಬ ಒಕ್ಕೂಟ ಕಟ್ಟಿಕೊಂಡವು. ನಗರಾಡಳಿತದೊಂದಿಗೆ ನಡೆದ ಮಾತುಕತೆಯ ಫಲವಾಗಿ 2005–06ರ ಹೊತ್ತಿಗೆ ಆ ಬೀದಿಯ ಸರಕಾರಿ ಒಡೆತನದ ಆಸ್ತಿಗಳನ್ನು ತಲಾ ಒಂದು ಡಾಲರ್ ಸಾಂಕೇತಿಕ ಬೆಲೆಗೆ ಕಲಾಸಂಸ್ಥೆಗಳಿಗೆ ವರ್ಗಾಯಿಸಲಾಯಿತು. ಕಟ್ಟಡಗಳನ್ನು ದುರಸ್ತಿ ಮಾಡಿ ಕಲೆಗಾಗಿಯೇ ಉಳಿಸಿಕೊಳ್ಳುವ ಹೊಣೆ ಸಂಸ್ಥೆಗಳದ್ದಾಯಿತು. ವಾವ್ ಇದ್ದ ಕಟ್ಟಡವೂ ಈ ಏರ್ಪಾಟಿಗೆ ಸೇರಿತು. ಬಾಡಿಗೆಗಾಗಿ ಒಳಲಂಗದ ಪಾರ್ಟಿ ಮಾಡಿದ ಸಂಸ್ಥೆ ಸುಮಾರು ಇಪ್ಪತ್ತೈದು ವರ್ಷಗಳಲ್ಲಿ ತನ್ನ ನೆಲೆಯ ಹಕ್ಕನ್ನು ತಾನೇ ಪಡೆಯಿತು. ಈ ಚರಿತ್ರೆಯ ಮೈಲಿಗಲ್ಲುಗಳಲ್ಲಿ ಪ್ರಶಸ್ತಿಗಳಿಗಿಂತ ದೊಡ್ಡದು ಇದೇ. ಒಬ್ಬಂಟಿ ಸಂಸ್ಥೆಗೆ ಇದು ಸಾಧ್ಯವಾಗುತ್ತಿರಲಿಲ್ಲ. ಅಕ್ಕಪಕ್ಕದ ನಾಟಕ, ನೃತ್ಯ ಸಂಸ್ಥೆಗಳೊಂದಿಗೆ ಕೂಡಿ ಕೇಳಿದ್ದರಿಂದ ದಕ್ಕಿತು.

ಆಕ್ಷೇಪಗಳು, ಉತ್ತರಗಳು

ವಾವ್ ಮಾದರಿಯ ಮೇಲೆ ಬಂದ ಮೊದಲ ಆಕ್ಷೇಪ ಗುಣಮಟ್ಟದ್ದು. ಆಯ್ಕೆಯೇ ಇಲ್ಲದಿದ್ದರೆ ಕಸವೂ ರಂಗಕ್ಕೆ ಬರುವುದಿಲ್ಲವೇ? ಬರುತ್ತದೆ. ಸಾಧಾರಣ ಪ್ರಯೋಗಗಳೂ ಅಲ್ಲಿ ನಡೆದವು. ಆದರೆ ಲೆಕ್ಕ ಹಾಕುವಾಗ ಇನ್ನೊಂದು ಬದಿಯನ್ನೂ ನೋಡಬೇಕು. 1983ರಲ್ಲಿ ಹಾಲಿ ಹ್ಯೂಸ್ ತನ್ನ ಪ್ರಹಸನವನ್ನು ಯಾವ ಆಯ್ಕೆ ಸಮಿತಿಯ ಮುಂದೆ ಇಟ್ಟಿದ್ದರೆ ಅದು ಪಾಸಾಗುತ್ತಿತ್ತು? ಸ್ಪ್ಯಾನಿಷ್ ಬೆರೆತ ಇಂಗ್ಲಿಷಿನ ಕಾರ್ಮೆಲಿಟಾಳನ್ನು ಯಾವ ಆಡಿಷನ್ ಒಪ್ಪುತ್ತಿತ್ತು? ಅಭಿರುಚಿ ಎಂಬುದು ಈಗಾಗಲೇ ಕಂಡದ್ದರಿಂದ ರೂಪುಗೊಳ್ಳುತ್ತದೆ, ಇನ್ನೂ ಕಾಣದ್ದನ್ನು ಅಳೆಯಲು ಅದಕ್ಕೆ ಅಳತೆಗೋಲಿಲ್ಲ. ಸೋಲಲು ಅವಕಾಶ ಕೊಟ್ಟ ರಂಗದಿಂದಲೇ ಓಬಿ ಪ್ರಶಸ್ತಿಗಳನ್ನೂ ಟೋನಿ ಪ್ರಶಸ್ತಿಯನ್ನೂ ಪಡೆಯುವ ಕಲಾವಿದರು ಬಂದರು. ಜಿಲ್ ಡೋಲನ್, ಕೇಟ್ ಡೇವಿಯಂಥ ವಿದ್ವಾಂಸರು ಇಲ್ಲಿನ ಪ್ರಯೋಗಗಳನ್ನು ಮುಂದಿಟ್ಟುಕೊಂಡು ಸ್ತ್ರೀವಾದಿ ರಂಗವಿಮರ್ಶೆಯನ್ನು ಬೆಳೆಸಿದರು. ಡೇವಿ 2010ರಲ್ಲಿ ಸಂಸ್ಥೆಯ ಚರಿತ್ರೆಯನ್ನೇ ಪುಸ್ತಕವಾಗಿಸಿದರು, ಮೊದಲ ಹತ್ತು ವರ್ಷಗಳ ನೆನಪು ಮತ್ತು ರಂಗಕೃತಿಗಳ ಸಂಕಲನ 2015ರಲ್ಲಿ ಬಂತು.

ಎರಡನೆಯ ಆಕ್ಷೇಪ ಪ್ರತ್ಯೇಕತೆಯದು. ಒಳಗೊಳ್ಳುವಿಕೆಯ ಮಾತಾಡುವವರು ಗಂಡಸರನ್ನು ಹೊರಗಿಟ್ಟು ಸಂಸ್ಥೆ ಕಟ್ಟುವುದು ವಿರೋಧಾಭಾಸವಲ್ಲವೇ ಎನ್ನುತ್ತಾರೆ. ಊರಿನ ಎಲ್ಲ ಜಗಲಿಗಳೂ ಒಬ್ಬರದೇ ಆಗಿರುವಾಗ ಉಳಿದವರು ತಮಗೊಂದು ಜಗಲಿ ಕಟ್ಟಿಕೊಳ್ಳುವುದು ಹೊರಗಿಡುವಿಕೆ ಆಗದು, ಅದು ಉಸಿರಾಟ. ಆ ಜಗಲಿಯ ಮೇಲೆ ಅಭ್ಯಾಸವಾದ ದನಿ ಮುಂದೆ ಬ್ರಾಡ್‌ವೇ ತನಕ ಹೋಗಿ ಎಲ್ಲರ ಮುಂದೆ ನಿಂತಿತು. ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅದಕ್ಕೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಸಂಬಳವಿಲ್ಲದೆ ಬೆವರು ಸುರಿಸಬಲ್ಲವರು ಯಾರು? ಎರಡು ಕಡೆ ಕೂಲಿ ಮಾಡಿ ಮಕ್ಕಳನ್ನು ಸಾಕುವ ಹೆಣ್ಣು ಪ್ರತಿ ಮಂಗಳವಾರ ಸಭೆಗೆ ಬರಬಲ್ಲಳೇ? ನಾಲ್ಕು ಅಂತಸ್ತಿನ ಎತ್ತರ ಅಂಗವಿಕಲ ಕಲಾವಿದೆಗೆ ಏನು ಹೇಳುತ್ತದೆ? ದುಡಿಮೆಯ ನಿಯಮ ಅಭಿರುಚಿಯ ಪಕ್ಷಪಾತವನ್ನು ತಡೆಯುತ್ತದೆ, ಬಿಡುವಿನ ಪಕ್ಷಪಾತವನ್ನು ತಡೆಯುವುದಿಲ್ಲ. ಈ ಮಾದರಿಯನ್ನು ಮುಂದೆ ಒಯ್ಯುವವರು ಮಾಡಬೇಕಾದ ತಿದ್ದುಪಡಿ ಇಲ್ಲಿದೆ: ಕೆಲಸದ ಪಟ್ಟಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದನ್ನೂ ಅಡುಗೆಯನ್ನೂ ಮನೆಯಿಂದಲೇ ಮಾಡಬಹುದಾದ ಕೆಲಸವನ್ನೂ ಸೇರಿಸಬೇಕು, ಅವಕ್ಕೂ ದೀಪ ಬಿಡುವಷ್ಟೇ ಬೆಲೆ ಕೊಡಬೇಕು.

ನಮ್ಮ ನಾಡಿನಲ್ಲೂ ಈ ಕೆಲಸಕ್ಕೆ ಬೀಜ ಬಿದ್ದಿದೆ. ಟ್ರಾನ್ಸ್ ಲೇಖಕಿ ಎ. ರೇವತಿಯವರ ಆತ್ಮಕಥೆಯನ್ನು ಕವಿ ಮತ್ತು ರಂಗಕಲಾವಿದೆ ದು. ಸರಸ್ವತಿ ಬದುಕು ಬಯಲು ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು, ಹೆಗ್ಗೋಡಿನ ಜನಮನದಾಟ ತಂಡ ಅದನ್ನು ಊರೂರಿಗೆ ಒಯ್ದು ಆಡಿತು. 2019ರಲ್ಲಿ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಕೃತಿಗಳಿವೆ, ಕಲಾವಿದರಿದ್ದಾರೆ, ನೋಡುವ ಜನರೂ ಇದ್ದಾರೆ. ಆಟ ಮುಗಿದ ಮೇಲೂ ಉಳಿಯುವ ಕೋಣೆ, ವಾರವಾರವೂ ತಪ್ಪದ ಸಭೆ ಇನ್ನು ಆಗಬೇಕು. ಅಂಥದ್ದೊಂದು ಬಳಗ ಕಟ್ಟಲು ಹೊರಟವರಲ್ಲಿ ನನ್ನ ಕೋರಿಕೆ ಇಷ್ಟೇ. ಹೆಸರು, ಲಾಂಛನ, ಉದ್ಘಾಟನೆಯ ಅತಿಥಿಗಳನ್ನು ಆಮೇಲೆ ಯೋಚಿಸೋಣ. ಮೊದಲು ವಾರದ ಒಂದು ದಿನವನ್ನು ಗೊತ್ತು ಮಾಡಿ, ಆ ದಿನ ಮೊದಲ ಸಲ ಬಂದು ಹಿಂದೆ ನಿಂತವರ ಕೈಗೂ ಒಂದು ಕೆಲಸ ಕೊಡಿ, ಅವರ ಆಟಕ್ಕೂ ಒಂದು ತಾರೀಖು ಬರೆದಿಡಿ.